ತಾಜಮಹಲು ಸಪ್ಪೆಯಾದದ್ದೇಕೆ: ಪೆಟ್ರಾಕ್ಕೆ ಹೊರಟವರಿಗೆ ಲಕ್ಕುಂಡಿಯ ದಾರಿ

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ಕಳೆದ ದೀಪಾವಳಿ ರಜೆಯಲ್ಲಿ ಅರವತ್ತು ಸಾವಿರ ರೂಪಾಯಿ ಕೊಟ್ಟು ಕ್ಯಾಮೆರಾ ಕೊಂಡು ಮನೆಯವರೊಡನೆ ಆಗ್ರಾಕ್ಕೆ ಹೋಗಿಬಂದೆ. ಆರುನೂರಕ್ಕೂ ಹೆಚ್ಚು ಫೋಟೊ ತೆಗೆದರೂ ಒಂದೂ ಮನಸ್ಸಿಗೆ ಬರಲಿಲ್ಲ. ತಾಜಮಹಲು ಬೂದಿ ಬಣ್ಣಕ್ಕೆ ತಿರುಗಿದೆ, ಸಣ್ಣದಾಗಿ ಕಾಣುತ್ತದೆ, ಮಿನಾರುಗಳು ಒಳಕ್ಕೆ ವಾಲಿವೆ. ಮಗಳು ಮೊಬೈಲಿನಲ್ಲಿ ತೆಗೆದವೇ ಎಷ್ಟೋ ವಾಸಿ. ಜಗತ್ತಿನ ಅದ್ಭುತ ತಾಣಗಳ ಫೋಟೊಗಳನ್ನು ನೋಡಿದಾಗ ಉಸಿರು ನಿಲ್ಲುತ್ತದೆ. ಅವು ನಿಜವಾದ ಫೋಟೊಗಳೇ ಅಥವಾ ಕಂಪ್ಯೂಟರಿನಲ್ಲಿ ಮಾಡಿದವೇ? ದುಬೈನಲ್ಲಿರುವ ಮಗ ಬರುವ ಜನವರಿಯಲ್ಲಿ ಜೋರ್ಡಾನಿನಲ್ಲಿ ಬಂಡೆ ಕೊರೆದು ಮಾಡಿದ ಪ್ರಾಚೀನ ನಗರ ಪೆಟ್ರಾವನ್ನು ತೋರಿಸುತ್ತೇನೆ ಎಂದಿದ್ದಾನೆ. ಅಷ್ಟರೊಳಗೆ ಇನ್ನೂ ಅಗಲವಾಗಿ ಹಿಡಿಯುವ ವೈಡ್ ಲೆನ್ಸ್ ಕೊಳ್ಳಬೇಕೆ?

ಉತ್ತರ: ಅಕ್ಕಾವರೇ, ಲೆನ್ಸ್ ಕೊಳ್ಳಬೇಡಿ. ಕೊಳ್ಳಲು ಇಟ್ಟಿರುವ ಹಣದಲ್ಲಿ ಪೆಟ್ರಾದಲ್ಲಿ ಒಂದು ದಿನ ಹೆಚ್ಚು ಉಳಿದುಕೊಳ್ಳಿ. ಅದಕ್ಕೂ ಮೊದಲು, ಡಿಸೆಂಬರಿನಲ್ಲಿ ಎರಡು ಮೂರು ಭಾನುವಾರ ಬೆಳಿಗ್ಗೆ ಲಕ್ಕುಂಡಿಗೆ ಹೋಗಿಬನ್ನಿ. ಗದಗಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯೂ ಅಲ್ಲ. ಇದು ತಮಾಷೆಯ ಮಾತಲ್ಲ, ಏಕೆಂದು ಮುಂದೆ ವಿವರವಾಗಿ ಹೇಳುತ್ತೇನೆ.

ನೀವು ಕಳುಹಿಸಿದ ಹನ್ನೆರಡು ಚಿತ್ರಗಳನ್ನು ನಮ್ಮ ಹುಬ್ಬಳ್ಳಿಯ ಸ್ಟುಡಿಯೊದ ದೊಡ್ಡ ಪರದೆಯ ಮೇಲೆ ಹಾಕಿಕೊಂಡು ನೋಡಿದೆ. ಕ್ಯಾಮೆರಾ ಬರೆದಿಟ್ಟ ಸಮಯವನ್ನು ನೋಡುವ ಮೊದಲೇ ಅವು ಮಧ್ಯಾಹ್ನದವು ಎಂದು ತಿಳಿಯಿತು: ಜನರ ನೆರಳು ಗಿಡ್ಡವಾಗಿ ಅವರ ಹಿಂದಕ್ಕೆ ಬಿದ್ದಿದೆ, ನಿಮ್ಮ ಯಜಮಾನರು ಹಣೆಗೆ ಕೈ ಅಡ್ಡ ಹಿಡಿದು ಕಣ್ಣು ಕಿರಿದು ಮಾಡಿದ್ದಾರೆ. ಹನ್ನೆರಡರಲ್ಲಿ ಒಂಬತ್ತು ಚಿತ್ರಗಳನ್ನು ಮುಖ್ಯದ್ವಾರ ದಾಟಿದ ಕೂಡಲೇ, ಎಲ್ಲರೂ ನಿಲ್ಲುವ ಅದೇ ಕಟ್ಟೆಯ ಮೇಲೆ ನಿಂತು, 18 ಮಿಲಿಮೀಟರಿನಲ್ಲಿ, ಅಂದರೆ ಲೆನ್ಸನ್ನು ಅಗಲಕ್ಕೆ ಇಟ್ಟು ತೆಗೆದಿದ್ದೀರಿ. ನಿಮ್ಮ ಕ್ಯಾಮೆರಾದಲ್ಲಿ ಯಾವ ದೋಷವೂ ಇಲ್ಲ. ನಿಂತ ಜಾಗ ಮತ್ತು ನಿಂತ ಹೊತ್ತು, ಇವೆರಡೇ ತಪ್ಪಿವೆ. ಉಸಿರು ನಿಲ್ಲಿಸುವ ಆ ಚಿತ್ರಗಳನ್ನು ತೆಗೆದವರು ಇವೆರಡನ್ನೂ ಊರು ಬಿಡುವ ಮೊದಲೇ ಲೆಕ್ಕ ಹಾಕಿಕೊಂಡಿರುತ್ತಾರೆ, ಮತ್ತು ಆ ಲೆಕ್ಕ ಎಂಟನೆಯ ತರಗತಿಯ ಭೂಗೋಳಕ್ಕಿಂತ ಕಠಿಣವಲ್ಲ.

ಮೊದಲು ಬೂದಿ ಬಣ್ಣದ ಸಂಗತಿ. ಕ್ಯಾಮೆರಾದೊಳಗೆ ಬೆಳಕನ್ನು ಅಳೆಯುವ ಮೀಟರಿಗೆ ತಾನು ನೋಡುತ್ತಿರುವುದು ಅಮೃತಶಿಲೆಯೋ ಎಮ್ಮೆಯೋ ತಿಳಿಯುವುದಿಲ್ಲ. ಜಗತ್ತಿನ ಎಲ್ಲ ದೃಶ್ಯಗಳೂ ಸರಾಸರಿಯಲ್ಲಿ ನಡುಮಟ್ಟದ ಬೂದು ಬಣ್ಣದವು ಎಂಬ ಒಂದೇ ನಂಬಿಕೆಯ ಮೇಲೆ ಅದು ಕೆಲಸ ಮಾಡುತ್ತದೆ. ಚೌಕಟ್ಟಿನ ತುಂಬ ಮಕರಾಣಾದ ಬಿಳಿ ಕಲ್ಲು ಮತ್ತು ಬಿಳಿಚಿದ ಆಕಾಶವೇ ಇದ್ದರೆ, ಬೆಳಕು ಹೆಚ್ಚಾಯಿತೆಂದು ಭಾವಿಸಿ ಅದನ್ನೆಲ್ಲ ಬೂದಿಗೆ ಇಳಿಸುತ್ತದೆ. ಇದಕ್ಕೆ ಮದ್ದು ನಿಮ್ಮ ಕ್ಯಾಮೆರಾದಲ್ಲೇ ಇದೆ: ಪ್ಲಸ್ ಮತ್ತು ಮೈನಸ್ ಗುರುತಿರುವ ಬಟನ್ ಒತ್ತಿ, ತಿರುಗಣೆಯನ್ನು ಪ್ಲಸ್ ಒಂದರವರೆಗೆ ತಿರುಗಿಸಿದರೆ ಬಿಳಿಯದು ಬಿಳಿಯಾಗಿಯೇ ಬರುತ್ತದೆ. ಬೊಲಿವಿಯಾದ ಉಯುನಿ ಉಪ್ಪಿನ ಬಯಲಿಗಾಗಲಿ ಹಿಮಾಲಯದ ಮಂಜಿಗಾಗಲಿ ಇದೇ ಉಪಾಯ. ಲಕ್ಕುಂಡಿಯಲ್ಲಿ ಇದರ ತದ್ವಿರುದ್ಧ ನಡೆಯುತ್ತದೆ. ಅಲ್ಲಿನ ಬಳಪದ ಕಲ್ಲು ಹಸಿರು ಬೆರೆತ ಕಪ್ಪು; ಮೀಟರು ಅದನ್ನು ಎತ್ತಿ ಬೆಳ್ಳಗೆ ಮಾಡಲು ಹೋಗಿ ಕಲ್ಲಿನ ಮೈಯ ಹೊಳಪನ್ನೆಲ್ಲ ಕೆಡಿಸುತ್ತದೆ. ಅಲ್ಲಿ ಮೈನಸ್ ಅರ್ಧ ಅಥವಾ ಮುಕ್ಕಾಲು ಬೇಕು.

ಈ ಪಾಠವನ್ನು ನಾನು ದುಬಾರಿಯಾಗಿ ಕಲಿತವನು. 1994ರಲ್ಲಿ ರೈಲು ಹತ್ತಿ ಮೊದಲ ಸಲ ಆಗ್ರಾಕ್ಕೆ ಹೋದಾಗ ನನ್ನ ಬಳಿ ಮೂವತ್ತಾರರ ಎರಡು ರೋಲು ಫಿಲ್ಮ್ ಇದ್ದವು. ಎರಡನ್ನೂ ಹನ್ನೊಂದರಿಂದ ಎರಡು ಗಂಟೆಯೊಳಗೆ ಮುಗಿಸಿದೆ. ಊರಿಗೆ ಬಂದು ಪ್ರಿಂಟ್ ಹಾಕಿಸಿದರೆ ಎಪ್ಪತ್ತೆರಡೂ ಒಲೆಯ ಬೂದಿ ಬಡಿದಂತಿದ್ದವು. ಪ್ರಿಂಟ್ ಮಾಡಿಕೊಟ್ಟವನೊಡನೆ ಅರ್ಧ ತಾಸು ಜಗಳವಾಡಿದೆ. ಆತ ಒಂದು ಮಾತೂ ಆಡದೆ ನೆಗೆಟಿವ್‌ಗಳನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಹರಡಿ, ಬೆಳಕು ಸಾಲದೆ ತೆಳ್ಳಗೆ ಬಿದ್ದ ನೆಗೆಟಿವ್ ತೋರಿಸಿದ. ತಪ್ಪು ನನ್ನದೇ ಆಗಿತ್ತು.

ಮಗಳ ಮೊಬೈಲಿನ ಚಿತ್ರ ಮೇಲಾಗಿ ಕಂಡದ್ದಕ್ಕೂ ಕಾರಣ ಇದರಲ್ಲೇ ಇದೆ. ಈಗಿನ ಮೊಬೈಲು ಒಂದು ಸಲ ಒತ್ತಿದರೆ ಹಲವು ಚಿತ್ರಗಳನ್ನು ತೆಗೆದು, ಕತ್ತಲೆಯದನ್ನು ಒಂದರಿಂದ, ಬೆಳಕಿನದನ್ನು ಇನ್ನೊಂದರಿಂದ ಎತ್ತಿ ಜೋಡಿಸಿ, ಆಕಾಶವನ್ನು ಗುರುತಿಸಿ ಅದಕ್ಕೆ ನೀಲಿಯನ್ನೂ ಏರಿಸಿ ಕೊಡುತ್ತದೆ. ನೀವು ಮಾಡಬೇಕಾದ ತೀರ್ಮಾನಗಳನ್ನು ಅದೇ ಮಾಡಿಬಿಡುತ್ತದೆ. ದೊಡ್ಡ ಕ್ಯಾಮೆರಾ ಹಾಗೆ ಮಾಡುವುದಿಲ್ಲ. ಅದು ನಿಮ್ಮ ತೀರ್ಮಾನಕ್ಕಾಗಿ ಕಾಯುತ್ತದೆ.

ಇನ್ನು ವೈಡ್ ಲೆನ್ಸ್. ದೊಡ್ಡ ಕಟ್ಟಡಕ್ಕೆ ಅಗಲದ ಲೆನ್ಸ್ ಬೇಕೆಂಬುದು ಸಹಜವಾದ ಊಹೆ, ಆದರೆ ನಿಮ್ಮ ತಾಜಮಹಲು ಸಣ್ಣದಾದದ್ದೇ ಅಗಲದಿಂದ. 73 ಮೀಟರ್ ಎತ್ತರದ ಕಟ್ಟಡ ನಿಮ್ಮ ಚಿತ್ರದಲ್ಲಿ ಬೆರಳಿನ ಉಗುರಿನಷ್ಟಿದೆ, ಉಳಿದ ಜಾಗವನ್ನು ನೆಲದ ಹಾಸುಗಲ್ಲು ಮತ್ತು ಖಾಲಿ ಆಕಾಶ ತಿಂದಿವೆ. ಅಗಲದ ಲೆನ್ಸ್ ಹತ್ತಿರದ್ದನ್ನು ಹಿಗ್ಗಿಸುತ್ತದೆ, ದೂರದ್ದನ್ನು ಕುಗ್ಗಿಸುತ್ತದೆ. ಹತ್ತಿರದಲ್ಲಿ ನೋಡತಕ್ಕದ್ದು ಏನಾದರೂ ಇದ್ದಾಗ ಮಾತ್ರ ಅದರ ಉಪಯೋಗ. ತಾಜಮಹಲನ್ನು ದೊಡ್ಡದಾಗಿ ಕಾಣಿಸಬೇಕಾದರೆ ಹಿಂದಕ್ಕೆ ಸರಿದು ಜೂಮ್ ಮಾಡಬೇಕು. ಆಗ್ರಾ ಕೋಟೆಯ ಮೇಲಿನಿಂದ, ಸುಮಾರು ಎರಡೂವರೆ ಕಿಲೋಮೀಟರ್ ದೂರದಿಂದ, 200 ಅಥವಾ 300 ಮಿಲಿಮೀಟರಿನಲ್ಲಿ ನೋಡಿದರೆ ಯಮುನೆಯ ತಿರುವಿನ ಮೇಲೆ ಅದು ತೇಲಿದಂತೆ ಕಾಣುತ್ತದೆ. ನದಿಯಾಚೆಯ ಮೆಹತಾಬ್ ಬಾಗ್‌ನಿಂದ ಹಿಂಬದಿ ಸಿಗುತ್ತದೆ, ಅಲ್ಲಿ ಜನಜಂಗುಳಿಯೂ ಕಡಿಮೆ.

ಮಿನಾರುಗಳು ಒಳಕ್ಕೆ ವಾಲಿದ್ದು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿ ಹಿಡಿದದ್ದರಿಂದ. ವಿನೋದವೆಂದರೆ, ಕಟ್ಟಿದವರು ಆ ನಾಲ್ಕು ಮಿನಾರುಗಳನ್ನು ತುಸು ಹೊರಕ್ಕೆ ವಾಲಿಸಿಯೇ ನಿಲ್ಲಿಸಿದ್ದಾರೆ. ಬಿದ್ದರೆ ಗೋರಿಯ ಮೇಲೆ ಬೀಳದಿರಲಿ ಎಂದು ಹಾಗೆ ಮಾಡಿದರು ಎನ್ನುತ್ತಾರೆ. ಹೊರಕ್ಕೆ ವಾಲಿದ್ದನ್ನು ನೀವು ಒಳಕ್ಕೆ ವಾಲಿಸಿದ್ದೀರಿ. ಕ್ಯಾಮೆರಾದ ಪರದೆಯಲ್ಲಿ ಗೆರೆಗಳ ಚೌಕವನ್ನು ಹಾಕಿಕೊಂಡು, ಕ್ಯಾಮೆರಾವನ್ನು ಗೋಡೆಗೆ ನೇರವಾಗಿ ಹಿಡಿದು, ತಲೆ ಕತ್ತರಿಸಿಹೋದರೆ ಹಿಂದಕ್ಕೆ ಸರಿಯಿರಿ ಅಥವಾ ಎತ್ತರಕ್ಕೆ ಏರಿರಿ. ಇದಕ್ಕೂ ಹೊಸ ಲೆನ್ಸ್ ಬೇಡ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ, ಅಂದರೆ ಬಿಸಿಲಿಗೆ. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯನ್ನು ನೀವು ನೋಡಿಯೇ ಇರುತ್ತೀರಿ, ಶಾಲೆಯ ಮಕ್ಕಳನ್ನೂ ಕರೆದೊಯ್ದಿರಬಹುದು. 11ನೆಯ ಶತಮಾನದ ಆ ಗುಡಿಯಲ್ಲಿ ಶಿವನ ಗರ್ಭಗುಡಿ ಪೂರ್ವಕ್ಕೆ, ಅದರೆದುರು ಸೂರ್ಯನ ಗರ್ಭಗುಡಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿವೆ. ಕೆತ್ತನೆಯ ಕೈಚಳಕವೆಲ್ಲ ಬಾಗಿಲುಗಳ ಮೇಲೆ ಸುರಿದಂತಿದೆ, ಅದರಲ್ಲೂ ದಕ್ಷಿಣದ ಬಾಗಿಲಿನ ಮೇಲೆ. ಚೌಕಟ್ಟಿನ ಒಂದೊಂದು ಪಟ್ಟಿಯಲ್ಲೂ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಬೊಂಬೆ. ಆಭರಣದ ಕುಸುರಿಯಷ್ಟು ಸಣ್ಣ ಕೆಲಸ. ಇದನ್ನು ಮೇ ತಿಂಗಳ ರಜೆಯಲ್ಲಿ ಹೋಗಿ ತೆಗೆದವರ ಚಿತ್ರಗಳು ಒಂದೇ ಸಮನೆ ಮಂಕಾಗಿರುತ್ತವೆ. ಕಾರಣ ಭೂಗೋಳದ್ದು. ಲಕ್ಕುಂಡಿ ಇರುವುದು ಉತ್ತರ ಅಕ್ಷಾಂಶ 15 ಡಿಗ್ರಿಯ ಆಚೆಈಚೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಅಷ್ಟು ದಿನ ನಡುಹಗಲಿನಲ್ಲಿ ದಕ್ಷಿಣದ ಗೋಡೆಗೆ ನೇರ ಬಿಸಿಲೇ ಬೀಳುವುದಿಲ್ಲ. ಡಿಸೆಂಬರಿನಲ್ಲಿ ಕಥೆ ಬೇರೆ. ಆಗ ಸೂರ್ಯ ಹುಟ್ಟುವುದು ನೇರ ಪೂರ್ವದಲ್ಲಲ್ಲ, ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಜರುಗಿ. ಹಾಗಾಗಿ ಬೆಳಗಿನ ಬಿಸಿಲು ದಕ್ಷಿಣದ ಗೋಡೆಯನ್ನು ಎದುರಿನಿಂದ ಹೊಡೆಯದೆ, ಅದರ ಮೈಯನ್ನು ಓರೆಯಾಗಿ ಸವರಿಕೊಂಡು ಹೋಗುತ್ತದೆ. ಸುತ್ತಲಿನ ಮನೆಗಳ ಮೇಲೆ ಸೂರ್ಯ ಎದ್ದು ಎಂಟು ಗಂಟೆಯಾಗುವ ಹೊತ್ತಿಗೆ ಆ ಬಾಗಿಲ ಮುಂದೆ ನಿಂತು ನೋಡಿ. ಬಳ್ಳಿಯ ಎಲೆ ಎಲೆಗೂ ಒಂದು ಮಗ್ಗುಲು ಬೆಳಕು, ಇನ್ನೊಂದು ಮಗ್ಗುಲು ಕತ್ತಲೆ. ಒಂದಂಗುಲ ಆಳದ ಕೆತ್ತನೆ ನಾಲ್ಕಂಗುಲ ಆಳವಿದ್ದಂತೆ ಕಾಣುತ್ತದೆ. ಅರ್ಧ ತಾಸು ಕಳೆದರೆ ಆ ಎದ್ದುನಿಂತ ರೂಪ ಕರಗತೊಡಗುತ್ತದೆ.

ಹಾವೇರಿಯ ಸಿದ್ಧೇಶ್ವರ ಗುಡಿಗೆ ಇದೇ ಲೆಕ್ಕದಲ್ಲಿ ಬೆಳಿಗ್ಗೆ ಹೋಗಬಾರದು. ಚಾಲುಕ್ಯರ ಗುಡಿಗಳಲ್ಲಿ ಹೆಚ್ಚಿನವು ಪೂರ್ವಾಭಿಮುಖ, ಅದೊಂದು ಪಶ್ಚಿಮಾಭಿಮುಖ. ಬೆಳಿಗ್ಗೆ ಅದರ ಮುಂಭಾಗ ನೆರಳಿನಲ್ಲಿರುತ್ತದೆ. ಹೊತ್ತು ಮುಳುಗುವ ಮುಂಚಿನ ಒಂದು ತಾಸು ಅದರದು. ಗುಡಿಯ ದಿಕ್ಕು ತಿಳಿಯದೆ ಹೊರಡುವುದು ಪೋಸ್ಟಾಫೀಸಿಗೆ ಭಾನುವಾರ ಹೋದಂತೆ.

ಇದೇ ಲೆಕ್ಕವನ್ನು ತಾಜಮಹಲಿಗೆ ಹಚ್ಚೋಣ. ನಾವು ನೋಡುವ ಅದರ ಮುಂಭಾಗ ದಕ್ಷಿಣದ್ದು. ಚಳಿಗಾಲದಲ್ಲಿ ಸೂರ್ಯ ಆಗ್ನೇಯದಲ್ಲಿ ಹುಟ್ಟಿ ನೈರುತ್ಯದಲ್ಲಿ ಮುಳುಗುವುದರಿಂದ ಬೆಳಿಗ್ಗೆ ಮತ್ತು ಸಂಜೆ ಎರಡೂ ಹೊತ್ತು ಮುಂಭಾಗಕ್ಕೆ ಓರೆ ಬಿಸಿಲು ಸಿಗುತ್ತದೆ. ಜೂನ್ ತಿಂಗಳ ನಸುಕಿನಲ್ಲಿ ಆ ಬಿಸಿಲು ನದಿಯ ಬದಿಗೆ ಹೊರಳುತ್ತದೆ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಆಗ್ರಾದಲ್ಲಿ ಕವಿಯುವ ಮಂಜು ಮಾತ್ರ ದೊಡ್ಡ ತೊಡಕು. ಗುಮ್ಮಟವೇ ಕಾಣದ ಬೆಳಗುಗಳಿವೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಬಾಗಿಲು ತೆರೆಯುತ್ತಾರೆ, ಶುಕ್ರವಾರ ರಜೆ. ನೀವು ಹನ್ನೊಂದೂವರೆಗೆ ಒಳಗೆ ಹೋದವರು. ಅಷ್ಟರಲ್ಲಿ ಆ ದಿನದ ಚಿತ್ರಗಳು ಮುಗಿದುಹೋಗಿದ್ದವು.

ಐಸ್‌ಲ್ಯಾಂಡಿನ ಜಲಪಾತಗಳ, ನಾರ್ವೆಯ ಕಣಿವೆಗಳ ಚಿತ್ರಗಳಲ್ಲಿ ಎಲ್ಲವೂ ಜೇನಿನ ಬಣ್ಣದ ಬೆಳಕಿನಲ್ಲಿ ಅದ್ದಿದಂತಿರುತ್ತದಲ್ಲ, ಅದಕ್ಕೂ ಅಕ್ಷಾಂಶವೇ ಕಾರಣ. ನಮ್ಮ ಕಡೆ ಸೂರ್ಯ ದಿಗಂತದಿಂದ ಹೆಚ್ಚು ಕಡಿಮೆ ನೆಟ್ಟಗೆ ಮೇಲೇಳುತ್ತಾನೆ. ಮೊದಲ ಆರು ಡಿಗ್ರಿ ಏರಲು ಅವನಿಗೆ ಅರ್ಧ ಗಂಟೆಯೂ ಬೇಡ, ಮತ್ತು ಆ ಹೊಂಬಣ್ಣ ಇರುವುದು ಅಷ್ಟರೊಳಗೇ. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್ ಇರುವುದು 64 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಮಧ್ಯಾಹ್ನದ ಸೂರ್ಯನೂ ದಿಗಂತದಿಂದ ಸುಮಾರು ಮೂರು ಡಿಗ್ರಿಯಷ್ಟೇ ಮೇಲಿರುತ್ತಾನೆ. ಇರುವ ನಾಲ್ಕು ತಾಸಿನ ಹಗಲೆಲ್ಲ ಸಂಜೆಯೇ. ಅಲ್ಲಿಯ ಛಾಯಾಗ್ರಾಹಕನು ಆಕಾಶ ತಿಳಿಯಾದ ದಿನ ಉಂಡು ಮಲಗಿ ಎದ್ದು ಬಂದರೂ ಬೆಳಕು ಅವನಿಗಾಗಿ ಕಾದಿರುತ್ತದೆ. ನಾವು ಗದಗಿನವರು, ಹುಬ್ಬಳ್ಳಿಯವರು ಚಹಾ ಕುಡಿದು ಹೊರಡುತ್ತೇವೆ ಎಂದರೆ ಅದು ಹೋಗಿಬಿಟ್ಟಿರುತ್ತದೆ. ಅವರ ಚಿತ್ರ ನೋಡಿ ನಿಮ್ಮನ್ನು ನೀವೇ ಹಳಿದುಕೊಳ್ಳುವ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಗಾತ್ರವನ್ನು ಕಾಣಿಸುವುದು ಇನ್ನೊಂದು ಕೆಲಸ. ಫ್ರಾನ್ಸಿನ ಮಾಕ್ಸಿಮ್ ದ್ಯು ಕಾಂ ಎಂಬಾತ 1849ರಿಂದ 1851ರವರೆಗೆ ಈಜಿಪ್ಟಿನ ಸ್ಮಾರಕಗಳನ್ನು ಕ್ಯಾಮೆರಾದಲ್ಲಿ ಹಿಡಿಯುವಾಗ, ದೋಣಿಯಲ್ಲಿ ತನ್ನೊಡನೆ ಇದ್ದ ನಾವಿಕನನ್ನು ಕಂಬದ ಬುಡದಲ್ಲೋ ವಿಗ್ರಹದ ಮೇಲೋ ಏರಿಸಿ ನಿಲ್ಲಿಸುತ್ತಿದ್ದ. ನೋಡುವವನ ಕಣ್ಣಿಗೆ ಅವನೇ ಅಳತೆಗೋಲು. ಆ ಕಾಲದ ಕ್ಯಾಮೆರಾಕ್ಕೆ ಬೆಳಕು ಸಾಕಷ್ಟು ದಕ್ಕಲು ಸಮಯ ಹಿಡಿಯುತ್ತಿದ್ದುದರಿಂದ ಆತ ಅಲುಗಾಡದೆ ನಿಲ್ಲಬೇಕಿತ್ತು. ಪೆಟ್ರಾದ ಅಲ್-ಖಜ್ನೆ, ಅಂದರೆ ಎಲ್ಲರೂ ಚಿತ್ರದಲ್ಲಿ ನೋಡಿರುವ ಆ ‘ಖಜಾನೆ’, ಬೆಟ್ಟದ ಬಂಡೆಯಲ್ಲೇ ಕೊರೆದದ್ದು. ಸುಮಾರು 40 ಮೀಟರ್ ಎತ್ತರ. ಬರಿಯ ಮುಖಮಂಟಪವನ್ನು ತೆಗೆದರೆ ಅದು ಹತ್ತಡಿಯ ಗೂಡಿನಂತೆಯೂ ಕಾಣಬಹುದು. ಅದರ ಕಂಬದ ಬುಡದಲ್ಲಿ ನಿಮ್ಮ ಮಗನನ್ನು ಒಬ್ಬನನ್ನೇ ನಿಲ್ಲಿಸಿ, ನೀವು ದೂರದಿಂದ ತೆಗೆಯಿರಿ. ಮಗನ ಮುಖ ಕಾಣದಿದ್ದರೂ ಚಿಂತೆಯಿಲ್ಲ.

ಅಳತೆಗೋಲಿಲ್ಲದ ಕಡೆ ಕಣ್ಣು ಎಷ್ಟು ಮೋಸಹೋಗುತ್ತದೆ ಎಂಬುದಕ್ಕೆ ಉಯುನಿ ಸಾಕ್ಷಿ. ಸಮುದ್ರಮಟ್ಟದಿಂದ 3,600 ಮೀಟರಿಗೂ ಮೇಲೆ, ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಹರಡಿದ ಆ ಉಪ್ಪಿನ ಬಯಲಿನ ಬಹುಭಾಗದಲ್ಲಿ ಗಿಡವಿಲ್ಲ, ಮನೆಯಿಲ್ಲ, ದಿಬ್ಬವಿಲ್ಲ. ಪ್ರವಾಸಿಗರು ಕ್ಯಾಮೆರಾದ ಎದುರಿಗೆ ಗೇಣುದ್ದದ ಪ್ಲಾಸ್ಟಿಕ್ ಪ್ರಾಣಿಯನ್ನಿಟ್ಟು, ದೂರದಲ್ಲಿ ಗೆಳೆಯರನ್ನು ಓಡಿಸಿ, ರಾಕ್ಷಸ ಪ್ರಾಣಿಯೊಂದು ಬೆನ್ನಟ್ಟಿದಂತೆ ಚಿತ್ರ ತೆಗೆಯುತ್ತಾರೆ. ಅಲ್ಲಿ ಯಾವ ಕಂಪ್ಯೂಟರಿನ ಕೈವಾಡವೂ ಇಲ್ಲ. ಮಳೆಗಾಲದಲ್ಲಿ, ಅಂದರೆ ಅಲ್ಲಿಯ ಡಿಸೆಂಬರಿನಿಂದ ಮಾರ್ಚ್ ಕೊನೆಯ ಸುಮಾರಿಗೆ, ಬಯಲಿನ ಮೇಲೆ ತೆಳ್ಳಗೆ ನೀರು ನಿಂತು ಆಕಾಶವೆಲ್ಲ ನೆಲದಲ್ಲಿ ಮೂಡುವ ಚಿತ್ರಗಳೂ ನಿಜವೇ.

ಗಾತ್ರ ತೋರಿಸುವ ಅಭ್ಯಾಸಕ್ಕೆ ನಮ್ಮ ಹುಬ್ಬಳ್ಳಿಯ ರೈಲು ನಿಲ್ದಾಣಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ನಾನು ಶಿಷ್ಯರಿಗೆ ಹೇಳುತ್ತಿರುತ್ತೇನೆ. 2023ರಲ್ಲಿ ಉದ್ಘಾಟನೆಯಾದ 1,507 ಮೀಟರಿನ ಆ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವಾದದ್ದು, ಆದರೂ ಬಂದವರೆಲ್ಲ ಹೆಸರಿನ ಫಲಕದ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಉದ್ದವನ್ನು ಚಿತ್ರದಲ್ಲಿ ತರುವುದು ಹೇಗೆ? ಒಂದೇ ಅಳತೆಯ ವಸ್ತುಗಳು ಸಾಲಾಗಿ ಸಣ್ಣದಾಗುತ್ತ ಹೋಗುವುದನ್ನು ಕಣ್ಣು ನೋಡಬೇಕು: ಮಾಡಿನ ಕಂಬಗಳು, ದೀಪಗಳು, ಬೆಂಚುಗಳು, ಕೊನೆಗೆ ಚುಕ್ಕೆಯಾಗಿ ಕಾಣುವ ಒಬ್ಬ ಹಮಾಲ. ಮೊಬೈಲಿನಲ್ಲೇ ಮಾಡಿ ನೋಡಿ, ಒಂದು ಸಲ ನಿಂತು, ಒಂದು ಸಲ ಕುಳಿತು. ಕ್ಯಾಮೆರಾ ನೆಲಕ್ಕೆ ಹತ್ತಿರವಾದಾಗ ದೂರದ ಪ್ಲಾಟ್‌ಫಾರ್ಮೆಲ್ಲ ಒಂದು ಗೆರೆಯಾಗಿ ಮಡಚಿಕೊಳ್ಳುತ್ತದೆ. ಮೇಲ್ಸೇತುವೆ ಏರಿ ನೋಡಿದರೆ ಆ ಉದ್ದ ಬಿಚ್ಚಿಕೊಳ್ಳುತ್ತದೆ. ಚೀನಾದ ಮಹಾಗೋಡೆಯ ಚಿತ್ರಗಳನ್ನು ಕೆಳಗಿನಿಂದ ತೆಗೆಯದೆ ಎತ್ತರದ ಕಾವಲು ಗೋಪುರಗಳಿಂದ ತೆಗೆಯುವುದು ಇದೇ ಕಾರಣಕ್ಕೆ.

ನಿಲ್ಲುವ ಜಾಗದ ಮಾತು ಬಂದಾಗ ನಾನು ತಪ್ಪದೆ ಹೇಳುವ ಒಂದು ಸಂಗತಿ ಇದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಅವಶೇಷಗಳನ್ನು ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಿಡಿದಿದ್ದ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಆ ಚಿತ್ರಗಳನ್ನು ಹಿಡಿದುಕೊಂಡು ಹಂಪಿಗೆ ಬಂದು, ಗ್ರೀನ್‌ಲಾ ತನ್ನ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಅವೇ ಚಿತ್ರಗಳನ್ನು ತೆಗೆದರು. ಒಂದು ಫೋಟೊದಿಂದ, ತೆಗೆದವನು ಎಲ್ಲಿ ನಿಂತಿದ್ದ, ಸೂರ್ಯ ಎಲ್ಲಿದ್ದ ಎಂಬುದನ್ನು ಓದಿ ತೆಗೆಯಬಹುದು ಎಂಬುದೇ ಇದರ ಸ್ವಾರಸ್ಯ. ನಮ್ಮ ಸೀಮೆಗೂ ಆ ಕಾಲದಲ್ಲೇ ಕ್ಯಾಮೆರಾ ಬಂದಿತ್ತು. ಬಿಗ್ಸ್ ಎಂಬ ಸೈನ್ಯಾಧಿಕಾರಿ ಮತ್ತು ಪಿಗೌ ಎಂಬ ವೈದ್ಯ 1850ರ ದಶಕದಲ್ಲಿ ಧಾರವಾಡ ಸೀಮೆಯ ಗುಡಿಗಳನ್ನು ಚಿತ್ರಿಸಿದರು. ಆ ಚಿತ್ರಗಳಲ್ಲಿ ಹಲವು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಅಚ್ಚಾದವು. ಭಾರವಾದ ಕ್ಯಾಮೆರಾವನ್ನು ಬಂಡಿಯಲ್ಲಿ ಹೇರಿಕೊಂಡು ಬಂದವರಿಗೆ ನಿಮ್ಮ ಹಾಗೆ ಆರುನೂರು ಸಲ ಒತ್ತುವ ಸವಲತ್ತು ಇರಲಿಲ್ಲ. ಗುಡಿಯನ್ನು ಸುತ್ತುಹಾಕಿ, ಒಂದು ಜಾಗ ಗೊತ್ತುಮಾಡಿ, ಬಿಸಿಲು ಬರುವವರೆಗೆ ಕಾಯುವುದೊಂದೇ ಅವರಿಗಿದ್ದ ದಾರಿ.

ನಿಮಗೆ ಇಷ್ಟವಾದ ಪೆಟ್ರಾ ಚಿತ್ರವೊಂದನ್ನು ಮುಂದಿಟ್ಟುಕೊಂಡು ನೀವೂ ಹೀಗೆ ಓದಿ ನೋಡಿ. ನೆರಳು ಯಾವ ಕಡೆಗೆ, ಎಷ್ಟು ಉದ್ದ? ಕ್ಯಾಮೆರಾ ಮನುಷ್ಯರ ಎತ್ತರದಲ್ಲಿದೆಯೋ, ಬಂಡೆಯ ಮೇಲಿದೆಯೋ? ಮುಂಭಾಗದಲ್ಲಿ ಮಸುಕಾಗಿ ಕಾಣುವುದು ಏನು? ಶಾಲೆಯಲ್ಲಿ ಮಕ್ಕಳಿಂದ ಪದ್ಯದ ಅರ್ಥ ಬಿಡಿಸುವ ನಿಮಗೆ ಇದು ಕಷ್ಟವಾಗದು.

ಚಿತ್ರಗಳು ನಿಜವೇ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ತನ್ನ ಮುಖಪುಟದ ಉದ್ದನೆಯ ಆಕಾರಕ್ಕೆ ಹೊಂದಿಸಲು ಗೀಜಾದ ಪಿರಮಿಡ್ಡುಗಳನ್ನು ಕಂಪ್ಯೂಟರಿನಲ್ಲಿ ಒಂದರ ಹತ್ತಿರಕ್ಕೆ ಇನ್ನೊಂದನ್ನು ಜರುಗಿಸಿತ್ತು, ಅದು ದೊಡ್ಡ ವಿವಾದವಾಯಿತು. ಅದಕ್ಕೂ ಬಹಳ ಮೊದಲು, 1927ರ ಏಪ್ರಿಲಿನಲ್ಲಿ, ಅಮೆರಿಕದ ಆನ್ಸೆಲ್ ಆಡಮ್ಸ್ ಯೋಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ತೆಗೆಯುವಾಗ ಕೈಯಲ್ಲಿ ಎರಡೇ ಗಾಜಿನ ಫಲಕ ಉಳಿದಿದ್ದವು. ಒಂದನ್ನು ಹಳದಿ ಫಿಲ್ಟರಿನಲ್ಲಿ ಮುಗಿಸಿದ ಮೇಲೆ, ಮನಸ್ಸಿನಲ್ಲಿದ್ದ ಚಿತ್ರ ಇದಲ್ಲ ಎನಿಸಿ, ಎರಡನೆಯದಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿಯನ್ನು ತಡೆಯುವುದರಿಂದ ಆಕಾಶ ಕಪ್ಪಾಗಿ, ಬಂಡೆ ಅದರ ಮುಂದೆ ಎದ್ದುನಿಂತಿತು. ನಾನು ಆಡಮ್ಸ್ ಮಾಡಿದ್ದನ್ನು ಒಪ್ಪುತ್ತೇನೆ, ಆ ಪತ್ರಿಕೆ ಮಾಡಿದ್ದನ್ನು ಒಪ್ಪುವುದಿಲ್ಲ. ಆಕಾಶವನ್ನು ಕಪ್ಪಾಗಿಸುವುದು ಅಡುಗೆಗೆ ಉಪ್ಪು ಖಾರ ಹೆಚ್ಚು ಕಡಿಮೆ ಮಾಡಿದಂತೆ. ಪಿರಮಿಡ್ಡನ್ನು ಜರುಗಿಸುವುದು ಪಕ್ಕದ ಮನೆಯ ಪಾತ್ರೆಯಿಂದ ಬಡಿಸಿ ನಾನೇ ಮಾಡಿದೆ ಎಂದಂತೆ. ಬೇರೆ ಊರಿನ ಚಂದ್ರನನ್ನು, ಬೇರೆ ರಾತ್ರಿಯ ಆಕಾಶಗಂಗೆಯನ್ನು ತಂದು ಗುಡಿಯ ಮೇಲೆ ಅಂಟಿಸಿದ ಚಿತ್ರಗಳು ಈಗ ಹೇರಳ. ಗುಡಿಯ ಮೇಲಿನ ಬೆಳಕು ಒಂದು ಕಡೆಯಿಂದ, ಚಂದ್ರ ಇನ್ನೊಂದು ಕಡೆ ಇದ್ದರೆ ಅನುಮಾನಪಡಿ.

ಕೆಲವು ಚಿತ್ರಗಳಾದರೋ ನಿಜ, ಆದರೆ ಕಣ್ಣಿಗೆ ಹಾಗೆ ಕಾಣುವುದಿಲ್ಲ. ಧ್ರುವಗಳ ಕಡೆಯ ರಾತ್ರಿಯಾಕಾಶದಲ್ಲಿ ಮೂಡುವ ಬೆಳಕಾದ ಧ್ರುವಪ್ರಭೆಯನ್ನು ನೋಡಲು ಹೋದವರಿಗೆ ಎಷ್ಟೋ ಸಲ ಮಾಸಲು ಬೂದು ಪರದೆ ತೂಗಿದಂತೆ ಕಂಡು ನಿರಾಸೆಯಾಗುತ್ತದೆ, ಏಕೆಂದರೆ ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಗುರುತಿಸುವ ಶಕ್ತಿ ಕುಂದುತ್ತದೆ. ಕ್ಯಾಮೆರಾ ಹತ್ತು ಸೆಕೆಂಡು ಬೆಳಕನ್ನು ಕೂಡಿಸಿಕೊಂಡು ಹಸಿರನ್ನು ಹೊರತೆಗೆಯುತ್ತದೆ. ಅಮೆರಿಕದ ಅರಿಜೋನಾದಲ್ಲಿರುವ ಆಂಟಿಲೋಪ್ ಕಣಿವೆಯ ಕಿರಿದಾದ ಸಂದಿನಲ್ಲಿ ಇಳಿಯುವ ಬಿಸಿಲುಕೋಲುಗಳು ನಿಜ, ಆದರೆ ಅವು ಚಿತ್ರದಲ್ಲಿ ಮೂಡಲೆಂದು ಮಾರ್ಗದರ್ಶಿಗಳು ಹಿಡಿ ಮರಳನ್ನು ಮೇಲಕ್ಕೆ ತೂರುತ್ತಿದ್ದುದೂ ನಿಜ. ನಮ್ಮ ಹಳೆಯ ಮಾಳಿಗೆಮನೆಗಳಲ್ಲಿ ಬೆಳಕಿಂಡಿಯಿಂದ ಇಳಿದ ಬಿಸಿಲು ಒಲೆಯ ಹೊಗೆ ಎದ್ದಾಗಷ್ಟೇ ಕಂಬದಂತೆ ಕಾಣುತ್ತಿತ್ತಲ್ಲ, ಅದೇ ವಿದ್ಯೆ.

ಜಲಪಾತಗಳನ್ನು ಕುರಿತು ನೀವು ಕೇಳಿಲ್ಲ, ಆದರೂ ಒಂದು ಮಾತು. ನೀರು ಹಾಲಿನ ಎಳೆಯಂತೆ ಕಾಣುವ ಚಿತ್ರಗಳಿಗೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಶಟರನ್ನು ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದಿಟ್ಟಿರುತ್ತಾರೆ. ಎಲ್ಲೆಡೆ ಇದೇ ಆಗಿ ನನಗೆ ಬೇಸರ ಬಂದಿದೆ. 253 ಮೀಟರ್ ಧುಮುಕುವ ಜೋಗದ ರೋರರ್‌ನ ಆರ್ಭಟವನ್ನು ರೇಷ್ಮೆ ಸೀರೆ ಮಾಡಿ ಏನು ಪ್ರಯೋಜನ? ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ತೆಗೆದರೆ ಹನಿ ಹನಿಯೂ ಒಡೆದು ಕಾಣುತ್ತದೆ.

ಪೆಟ್ರಾದ ದಿನಚರಿಯನ್ನು ಈಗ ಹೀಗೆ ಹಾಕಿಕೊಳ್ಳಿ. ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ. ಖಜಾನೆಯನ್ನು ತಲುಪಲು ಸೀಕ್ ಎಂಬ ಇಕ್ಕಟ್ಟಾದ ಬಂಡೆಯ ಸಂದಿನಲ್ಲಿ ಸುಮಾರು 1.2 ಕಿಲೋಮೀಟರ್ ನಡೆಯಬೇಕು. ಅಲ್ಲಿ ನೇರ ಬಿಸಿಲು ಬೀಳದಿದ್ದರೇ ಚೆಂದ: ಮೇಲಿನ ಬಂಡೆಗೆ ತಾಗಿದ ಬೆಳಕು ಎದುರಿನ ಗೋಡೆಗೆ ಪುಟಿದು, ಅಲ್ಲಿಂದ ಮತ್ತೆ ಈಚೆಗೆ ಪುಟಿದು, ಕೆಳಗಿಳಿಯುವಷ್ಟರಲ್ಲಿ ಕೆಂಡದ ಬಣ್ಣಕ್ಕೆ ಬಂದಿರುತ್ತದೆ. ಸಂದಿನ ಕೊನೆಯಲ್ಲಿ, ಎರಡು ಕಪ್ಪು ಬಂಡೆಗಳ ನಡುವೆ ಖಜಾನೆಯ ಒಂದು ಸೀಳು ಕಾಣುವ ಕಡೆ ನಿಂತು ಕಾಯಿರಿ. ಸುತ್ತ ಎತ್ತರದ ಬೆಟ್ಟವಿರುವುದರಿಂದ ಅದರ ಮುಖಕ್ಕೆ ಬಿಸಿಲು ತಾಗುವುದು ಸೂರ್ಯ ಹುಟ್ಟಿ ಎಷ್ಟೋ ಹೊತ್ತಿನ ಮೇಲೆ, ಸಾಮಾನ್ಯವಾಗಿ ಒಂಬತ್ತರಿಂದ ಹನ್ನೊಂದರ ನಡುವೆ. ಅದು ಮುಗಿದ ಮೇಲೆ ಊಟ ಮಾಡಿ, ಸುಮಾರು 800 ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿ ಅದ್-ದೈರ್ ಎಂಬ ಇನ್ನೊಂದು ಬೃಹತ್ ಮುಖಮಂಟಪಕ್ಕೆ ಹೋಗಿ. ಅದಕ್ಕೆ ಬಿಸಿಲು ಮಧ್ಯಾಹ್ನದ ಮೇಲೆ. ಒಂದೇ ದಿನದಲ್ಲಿ ಎರಡೂ ಸಿಕ್ಕರೆ ಸಂತೋಷ, ಮೋಡ ಕವಿದರೆ ಮರುದಿನ ಬೇಕು. ಲೆನ್ಸಿನ ಹಣ ಅದಕ್ಕೇ ಎಂದದ್ದು. ಅಲ್ಲಿಯದು ಮರಳುಗಲ್ಲು, ಬಿಳಿಯಲ್ಲ, ಕಪ್ಪೂ ಅಲ್ಲ; ಹೆಚ್ಚಿನಂಶ ನಿಮ್ಮ ಮೀಟರು ಅಲ್ಲಿ ತಾನಾಗಿಯೇ ಸರಿಯಾಗಿ ಹೇಳುತ್ತದೆ. ಬಾದಾಮಿಯ ಕೆಂಪು ಬಂಡೆಗಳ ಮುಂದೆ ಒಮ್ಮೆ ಪರೀಕ್ಷಿಸಿಕೊಂಡರೆ ಧೈರ್ಯ ಬರುತ್ತದೆ.

ಟ್ರೈಪಾಡ್ ಒಯ್ಯಬೇಡಿ, ತಾಜಮಹಲಿನಲ್ಲೂ ನಮ್ಮ ಪುರಾತತ್ವ ಇಲಾಖೆಯ ಇತರ ಸ್ಮಾರಕಗಳಲ್ಲೂ ಅದಕ್ಕೆ ಅನುಮತಿ ಬೇಕು, ಲಕ್ಕುಂಡಿಯಲ್ಲಿ ಕಾವಲುಗಾರರು ಕೇಳಿಯೇ ಕೇಳುತ್ತಾರೆ. ಡ್ರೋನಿನ ಯೋಚನೆ ಮಗನಿಗೆ ಇದ್ದರೆ ಈಗಲೇ ಬಿಡಿಸಿ. ಎರಡನೆಯ ಬ್ಯಾಟರಿಯನ್ನು ಮಾತ್ರ ಮರೆಯಬೇಡಿ, ಜನವರಿಯ ಪೆಟ್ರಾದ ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಕೈಬೆರಳುಗಳೂ ಮರಗಟ್ಟುತ್ತವೆ, ಉಣ್ಣೆಯ ಕೈಗವಸು ಇರಲಿ.

ಡಿಸೆಂಬರಿನ ಮೊದಲ ಭಾನುವಾರ ಲಕ್ಕುಂಡಿಗೆ ಹೋದಾಗ ಕಾಶಿವಿಶ್ವನಾಥದ ದಕ್ಷಿಣ ಬಾಗಿಲಿನ ಎರಡೇ ಚಿತ್ರ ತೆಗೆಯಿರಿ: ಒಂದು ಎಂಟು ಗಂಟೆಗೆ, ಇನ್ನೊಂದು ಅದೇ ಕಲ್ಲಿನ ಮೇಲೆ ನಿಂತು ಹನ್ನೆರಡಕ್ಕೆ. ನಡುವಿನ ನಾಲ್ಕು ತಾಸು ಕ್ಯಾಮೆರಾ ಚೀಲದಲ್ಲೇ ಇರಲಿ. ಅಲ್ಲಿಯ ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕುಳಿತು ರೊಟ್ಟಿ ಬುತ್ತಿ ಬಿಚ್ಚಬಹುದು. ಎರಡೂ ಚಿತ್ರಗಳನ್ನು ಏನೂ ತಿದ್ದದೆ ನನಗೆ ಕಳುಹಿಸಿ. ಮೈನಸ್ ಎಷ್ಟು ಇಟ್ಟಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ.